ನಮ್ಮ ವಿವಿ ಕ್ಯಾಂಪಸ್‌ಗಳಲ್ಲೂ ಒಂದು ಮೀನಿನ ತೊಟ್ಟಿ ಇರಲಿ

ಮಾನ್ಯ ಸಂಪಾದಕರೇ,

ಬೇಸಿಗೆ ಬಂತು ಅಂದ್ರೆ ಯಾವ ಹೊಳೆ ಎಷ್ಟು ಬತ್ತಿದೆ ಅಂತ ನಿಮ್ಮ ಪೇಪರ್‌ನಲ್ಲಿ ದಿನಾ ಬರುತ್ತೆ, ಕುಡಿಯೋ ನೀರು, ಬೆಳೆ, ಕರೆಂಟು ಎಲ್ಲದ್ರ ಬಗ್ಗೆನೂ ಓದ್ತೀವಿ, ಆದ್ರೆ ಆ ಹೊಳೆ ಒಳಗಿದ್ದ ಮೀನು ಏನಾಯ್ತು ಅಂತ ಯಾರೂ ಕೇಳಲ್ಲ. ಮೂವತ್ತು ವರ್ಷ ಹೈಸ್ಕೂಲಲ್ಲಿ ಜೀವಶಾಸ್ತ್ರ ಪಾಠ ಮಾಡಿದವಳು ನಾನು, ಅದಕ್ಕೇ ಈ ಪತ್ರ.

ನನ್ನ ಮಗಳು ಇಸ್ರೇಲ್‌ನ ಟೆಲ್ ಅವೀವ್ ಯೂನಿವರ್ಸಿಟಿಲಿ ರಿಸರ್ಚ್‌ಗೆ ಅಂತ ಎರಡು ವರ್ಷ ಇದ್ಲು, ಆಗ ನಾನೂ ಒಂದು ತಿಂಗಳು ಹೋಗಿದ್ದೆ. ಆ ಕ್ಯಾಂಪಸ್ ಒಳಗೇ ಒಂದು ಪುಟ್ಟ ಝೂ ಇದೆ, ಬೊಟಾನಿಕಲ್ ಗಾರ್ಡನ್ನೂ ಇದೆ. ಮೈಸೂರು ಝೂ ನೋಡಿದೋರಿಗೆ ಅದು ಒಂದು ಮೂಲೆಯಷ್ಟೇ ಅನ್ಸುತ್ತೆ. ಆ ಕ್ಯಾಂಪಸ್ ಝೂ ಹುಟ್ಟಿದ್ದು 1931ರಲ್ಲಿ, ಯೆಹೋಶುವಾ ಮಾರ್ಗೊಲಿನ್ ಅನ್ನೋ ಮೇಷ್ಟ್ರು ಟೀಚರ್‌ಗಳಿಗೆ ಪ್ರಕೃತಿ ಪಾಠ ಕಲಿಸೋಕೆ ಅಂತ ಕಟ್ಟಿದ ಸಂಸ್ಥೆ ಅದು. ಯೂನಿವರ್ಸಿಟಿ ಶುರುವಾಗಿದ್ದು 1956ರಲ್ಲಿ, ಅಂದ್ರೆ ಮೇಷ್ಟ್ರ ಸಂಸ್ಥೆ ಮೊದಲು, ವಿವಿ ಆಮೇಲೆ! ಇದನ್ನ ಕೇಳಿ ನನಗೆ ಎಷ್ಟು ಖುಷಿ ಆಯ್ತು ಅಂತ ಟೀಚರ್ ಆದೋರಿಗೆ ಅರ್ಥ ಆಗುತ್ತೆ.

ಆದ್ರೆ ನಾನು ಹೇಳ್ಬೇಕು ಅಂತ ಹೊರಟಿದ್ದು ಒಂದು ಸಣ್ಣ ಮೀನಿನ ಕಥೆ. ಅದೇ ಊರಲ್ಲಿ ಯಾರ್ಕಾನ್ ಅಂತ ಒಂದು ನದಿ ಹರಿಯುತ್ತೆ, ಸುಮಾರು 28 ಕಿಲೋಮೀಟರ್ ಅಷ್ಟೇ ಉದ್ದ. 1955ರಲ್ಲಿ ಅದರ ಮೂಲದ ನೀರನ್ನ ಪೈಪ್ ಹಾಕಿ ದಕ್ಷಿಣದ ಮರುಭೂಮಿ ಕಡೆ ತಿರುಗಿಸಿದ್ರು, ನದಿಲಿ ಉಳಿದಿದ್ದು ಊರಿನ ಕೊಳಕು ನೀರು. ಎಷ್ಟು ಕೆಟ್ಟಿತ್ತು ಅಂದ್ರೆ 1997ರಲ್ಲಿ ಕಾಲು ಸೇತುವೆ ಕುಸಿದು ಆಸ್ಟ್ರೇಲಿಯಾದ ಕ್ರೀಡಾಪಟುಗಳು ನೀರಿಗೆ ಬಿದ್ದಾಗ ನಾಲ್ಕು ಜನ ತೀರ್ಕೊಂಡ್ರು, ಅದ್ರಲ್ಲಿ ಮೂರು ಜನ ಸತ್ತಿದ್ದು ಆ ನೀರು ದೇಹಕ್ಕೆ ಸೇರಿ ಸೋಂಕಾಗಿ. ಅಂಥಾ ನದಿಲಿ ಯಾರ್ಕಾನ್ ಬ್ರೀಮ್ ಅನ್ನೋ ಮೀನು ಇನ್ನೂ ಜೀವ ಹಿಡ್ಕೊಂಡಿತ್ತು, ಆ ದೇಶದ ಕರಾವಳಿ ಹೊಳೆಗಳು ಬಿಟ್ರೆ ಪ್ರಪಂಚದಲ್ಲಿ ಇನ್ನೆಲ್ಲೂ ಇಲ್ಲ ಅದು. 1999ರ ಬರಗಾಲದಲ್ಲಿ ಇನ್ನೇನು ಮುಗೀತು ಅನ್ನೋವಾಗ ಆ ವಿವಿಯ ಪ್ರೊಫೆಸರ್ ಮೆನಾಖೆಮ್ ಗೊರೆನ್ ಮತ್ತೆ ಅವರ ಜೊತೆಯೋರು ಉಳಿದಿದ್ದ ನೂರು ಚಿಲ್ಲರೆ ಮೀನು ಹಿಡಿದು ತಂದು ತೊಟ್ಟಿಲಿ ಇಟ್ಕೊಂಡು ಮರಿ ಮಾಡಿಸಿದ್ರು. ಬರೀ ಮರಿ ಮಾಡಿಸಿದ್ರೆ ಸಾಲಲ್ಲ ಅಂತ ಹೊಳೆಯಲ್ಲೂ ಅದಕ್ಕೆ ಬೇಕಾದಂಥ ಜಾಗ ಮಾಡಿಕೊಟ್ಟು 2006ರಲ್ಲಿ ಸಾವಿರಾರು ಮೀನನ್ನ ವಾಪಸ್ ಬಿಟ್ರು. ಈಗ ಅವು ಹೊಳೆಲೇ ಮರಿ ಹಾಕ್ತಾ ಇವೆ.

ಇದಕ್ಕೆ ಬೇಕಾಗಿದ್ದು ಏನು? ತೊಟ್ಟಿ, ನೀರು, ಆ ಮೀನಿನ ಸ್ವಭಾವ ಗೊತ್ತಿರೋ ಜನ, ಅಷ್ಟೇ.

ನಮ್ಮಲ್ಲಿ ಇದ್ಯಾವುದು ಇಲ್ಲ ಹೇಳಿ? ಕುವೆಂಪು ವಿವಿ ಇರೋದೇ ಭದ್ರಾ ಪಕ್ಕ ಶಂಕರಘಟ್ಟದಲ್ಲಿ, ಮೈಸೂರು ವಿವಿ ಕೈಲಿ ಕುಕ್ಕರಹಳ್ಳಿ ಕೆರೆನೇ ಇದೆ, ಶಿರಸಿಲಿ ಫಾರೆಸ್ಟ್ರಿ ಕಾಲೇಜಿದೆ. ಇನ್ನು ಕಾವೇರಿಯ ಗೂನು ಬೆನ್ನಿನ ಮಹಶೀರ್ ಅನ್ನೋ ಮೀನು 2018ರಲ್ಲಿ ಅಳಿವಿನ ಅಂಚಿಗೆ ಬಂದ ಜೀವಿಗಳ ಕೆಂಪು ಪಟ್ಟಿಗೆ ಸೇರಿದೆ, ಹುಲಿಗಿಂತ ಗಂಭೀರ ಸ್ಥಿತಿ ಅದರದ್ದು! ಬೇರೆ ಕಡೆಯ ಮಹಶೀರ್ ಮರಿಗಳನ್ನ ತಂದು ಕಾವೇರಿಗೆ ಬಿಟ್ಟಿದ್ದೂ ಇದಕ್ಕೆ ಒಂದು ಕಾರಣ ಅಂತ ಸಂಶೋಧಕರೇ ಹೇಳ್ತಾರೆ. ಸೊಳ್ಳೆಗೆ ಅಂತ ಕೆರೆ ಬಾವಿಗೆ ಬಿಡೋ ಗ್ಯಾಂಬೂಸಿಯಾ ಮೀನೂ ಅಷ್ಟೇ, ಅಮೆರಿಕಾ ಮೂಲದ್ದು, ನಮ್ಮ ಸಣ್ಣ ಮೀನಿನ ಮೊಟ್ಟೆ ಮರಿ, ಕಪ್ಪೆಯ ಗೊದಮೊಟ್ಟೆ ಯಾವುದನ್ನೂ ಬಿಡಲ್ಲ. ಹಾಗಾಗಿ ಯಾವುದೋ ಮೀನು ತಂದು ಯಾವುದೋ ನೀರಿಗೆ ಸುರಿಯೋದಲ್ಲ, ಆಯಾ ಹೊಳೆ ಮೀನನ್ನ ಆಯಾ ಹೊಳೆಗೇ ಬೆಳೆಸಬೇಕು, ಆ ಕೆಲಸಕ್ಕೆ ವಿವಿಗಿಂತ ಒಳ್ಳೆ ಜಾಗ ಯಾವುದಿದೆ.

ನಮ್ಮ ಮಲೆನಾಡಲ್ಲಿ ಮೊದಲ ಮಳೆಗೆ ಹತ್ತುಮೀನು (ಹೊಳೆಯಿಂದ ಮೇಲೆ ಹತ್ತಿ ಬರೋ ಮೀನು) ಗದ್ದೆ ತನಕ ಏರಿ ಬರೋದನ್ನ ಚಿಕ್ಕವಳಿದ್ದಾಗ ಅಪ್ಪನ ಜೊತೆ ಲಾಟೀನು ಹಿಡ್ಕೊಂಡು ನೋಡ್ತಿದ್ದೆ, ಕಾಲಿಗೆ ತಾಗ್ತಿತ್ತು ಅಷ್ಟು ಇರ್ತಿತ್ತು. ಹೋದ ವರ್ಷ ಮೊಮ್ಮಗನ್ನ ಕರ್ಕೊಂಡು ಅದೇ ಗದ್ದೆಗೆ ಹೋದೆ, ರಾತ್ರಿ ಹತ್ತರ ತನಕ ಕಾದ್ವಿ, ಒಂದೂ ಬರ್ಲಿಲ್ಲ.

ಕುಲಪತಿಗಳಿಗೆ, ಪ್ರಾಣಿಶಾಸ್ತ್ರ ವಿಭಾಗದವರಿಗೆ ನನ್ನ ವಿನಂತಿ ಇಷ್ಟೇ, ಈ ಬೇಸಿಗೆ ಮುಗಿಯೋದ್ರೊಳಗೆ ನಿಮ್ಮ ಹತ್ತಿರದ ಹೊಳೆಲಿ ಯಾವ ಮೀನು ಕಮ್ಮಿ ಆಗ್ತಿದೆ ಅಂತ ಅಲ್ಲಿ ಬಲೆ ಹಾಕೋ ಬೆಸ್ತರನ್ನ ಕೇಳಿ, ಅರಣ್ಯ ಇಲಾಖೆ ಪರ್ಮಿಷನ್ ತಗೊಂಡು ಅದೊಂದಕ್ಕೆ ಎರಡು ತೊಟ್ಟಿ ಕಟ್ಟಿಸಿ, ಎಂಎಸ್ಸಿ ಮಕ್ಕಳಿಗೆ ಅದನ್ನೇ ಪ್ರಾಜೆಕ್ಟ್ ಕೊಡಿ. ಶಾಲೆ ಮಕ್ಕಳನ್ನ ಕರ್ಕೊಂಡು ಬರೋ ಜವಾಬ್ದಾರಿ ನಾವು ರಿಟೈರ್ಡ್ ಟೀಚರ್‌ಗಳು ತಗೋತೀವಿ.

ಇತಿ,
ನಿವೃತ್ತ ಜೀವಶಾಸ್ತ್ರ ಶಿಕ್ಷಕಿ, ತೀರ್ಥಹಳ್ಳಿ