ನಟ ಬಿಹಾಗದಲ್ಲಿ ನಿನ್ನ ಅಜ್ಜಿ

ಪ್ರಿಯ ಗೆಳೆಯಾ,

ನೀನು ಪುಣೆಯಿಂದ ಕಳಿಸಿದ ಪೆನ್‌ಡ್ರೈವ್ ಹೋದ ವಾರವೇ ಕೈಸೇರಿತು. ತಲುಪಿತೆಂದು ಒಂದು ಸಾಲು ಬರೆಯಲೂ ಇವನಿಗೆ ಪುರುಸೊತ್ತಿಲ್ಲವೇ ಎಂದು ಮುನಿಸಿಕೊಂಡಿರುತ್ತೀಯ. ಅದರೊಳಗೆ ಏನೇನಿದೆ ಎಂದು ಹೆಸರು ಓದುವುದಕ್ಕೇ ಮೂರು ಸಂಜೆ ಹಿಡಿಯಿತು ಮಾರಾಯ. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಬಸವರಾಜ ರಾಜಗುರು, ಭೀಮಸೇನ ಜೋಶಿ, ಕುಮಾರ ಗಂಧರ್ವ. ಧಾರವಾಡದಲ್ಲಿ ಬೆಳಿಗ್ಗೆ ಬಸ್ಸು ಹತ್ತಿದರೆ ಊಟದ ಹೊತ್ತಿಗೆ ಮುಟ್ಟಬಹುದಾದ ಊರುಗಳಲ್ಲಿ ಹುಟ್ಟಿದ ಇಷ್ಟೂ ಹಿಂದೂಸ್ತಾನಿ ಗಾಯಕರು ಹೆಬ್ಬೆರಳಿನಷ್ಟು ತಗಡಿನೊಳಗೆ ಕುಳಿತಿದ್ದಾರೆ. ಎಲ್ಲವನ್ನೂ ಕೇಳಿ ಮುಗಿಸಲು ನನಗೆ ಆಯುಷ್ಯ ಸಾಲುತ್ತದೆಯೋ ಇಲ್ಲವೋ. ಒಂದು ರಾಗದ ಕ್ಯಾಸೆಟ್ಟಿಗಾಗಿ ನಾವಿಬ್ಬರೂ ಹುಬ್ಬಳ್ಳಿಗೆ ಹೋಗಿ, ಗುರುತು ಪರಿಚಯವಿಲ್ಲದವರ ಮನೆಯ ಕಟ್ಟೆಯ ಮೇಲೆ ಅವರು ಮಧ್ಯಾಹ್ನದ ನಿದ್ದೆ ಮುಗಿಸಿ ಏಳುವವರೆಗೆ ಕಾದು ಕುಳಿತದ್ದು ನೆನಪಿದೆಯೇ? ಖಾಲಿ ಕೈಯಲ್ಲಿ ಹೋಗುವಂತಿರಲಿಲ್ಲ. ಒಂದು ಕೊಟ್ಟರೆ ಒಂದು. ನಾವು ಒಯ್ದ ರಾಜಗುರುಗಳ ಕ್ಯಾಸೆಟ್ ಆ ಮನೆಯವರ ಬಳಿ ಆಗಲೇ ಇದ್ದುದರಿಂದ ಬರಿಗೈಯಲ್ಲಿ ವಾಪಸಾಗುವುದರಲ್ಲಿದ್ದೆವು. ನಮ್ಮ ಮುಖ ನೋಡಿ ಅವರ ಹೆಂಡತಿಯೇ ಶಿಫಾರಸು ಮಾಡಿದರು.

ನಿನ್ನ ಪೆನ್‌ಡ್ರೈವಿನಲ್ಲಿ ಒಂದು ಕಡತದ ಮೇಲೆ ಕಣ್ಣು ನಿಂತಿತು. ಆಕಾಶವಾಣಿಯ ರಾಷ್ಟ್ರೀಯ ಸಂಗೀತ ಕಾರ್ಯಕ್ರಮ, ಮನಸೂರರ ಗಾಯನ, ಎರಡನೆಯದು ನಟ ಬಿಹಾಗ ರಾಗ. ಒಂದು ನಿಮಿಷ ಕೇಳುವಷ್ಟರಲ್ಲಿ ಗೊತ್ತಾಯಿತು: ಇದು ನಮ್ಮದೇ! ಎಂಬತ್ತರ ದಶಕದ ಆ ಶನಿವಾರ ರಾತ್ರಿ ನಿಮ್ಮ ಮನೆಯಲ್ಲಿ ನೀನು ತುಂಬಿಸಿಕೊಂಡು, ಸೋಮವಾರ ನನ್ನ ಕೈಗಿಟ್ಟೆಯಲ್ಲ, ಅದೇ. ಅದೇ ರಾತ್ರಿ ಇನ್ಯಾವುದೋ ಊರಿನಲ್ಲಿ ಇನ್ಯಾರೋ ಒಳ್ಳೆಯ ಯಂತ್ರ ಇಟ್ಟುಕೊಂಡು ಚೊಕ್ಕವಾಗಿ ಹಿಡಿದಿದ್ದಾರೆ. ಕೊನೆಯವರೆಗೂ ಕೇಳಿದೆ. ಕೇಳಿದ ಮೇಲೆ ಏನೋ ಕಳೆದುಹೋದಂತಾಗಿ ಎದ್ದು ಹೋಗಿ ಅಟ್ಟದ ಮೇಲಿನ ಪೆಟ್ಟಿಗೆ ಇಳಿಸಿದೆ.

ನಿಮ್ಮ ಮನೆಯಲ್ಲಿ ರೇಡಿಯೊ ಬೇರೆ, ಟೇಪ್ ರೆಕಾರ್ಡರ್ ಬೇರೆ. ಹಳೆಯ ವಾಲ್ವಿನ ರೇಡಿಯೊದ ಎದುರು ಒಂದು ಸ್ಟೂಲು, ಅದರ ಮೇಲೆ ದಿಂಬು, ದಿಂಬಿನ ಮೇಲೆ ಆ ಚಪ್ಪಟೆ ರೆಕಾರ್ಡರ್. ಅದರ ಮೈಕಿಗೆ ರೇಡಿಯೊ ಯಾವುದು, ಮನೆ ಯಾವುದು ಎಂಬ ಭೇದವಿರಲಿಲ್ಲ. ಹಾಡು ಜೋರಾದರೆ ಕಿವಿ ಮುದುಡಿಕೊಳ್ಳುತ್ತಿತ್ತು, ಹಾಡು ತಗ್ಗಿದರೆ ತಾನಾಗಿಯೇ ಕಿವಿ ಅಗಲಿಸಿ ಗೋಡೆ ಗಡಿಯಾರವನ್ನೂ ನುಂಗುತ್ತಿತ್ತು. ಹಾಗಾಗಿಯೇ ಮೊದಲ ರಾಗ ಮುಗಿದು ಬರೀ ತಂಬೂರಿ ಮೀಟುತ್ತಿರುವ ಹೊತ್ತಿನಲ್ಲಿ, ಒಳಕೋಣೆಯಲ್ಲಿ ಮಲಗಿದ್ದ ನಿನ್ನ ಅಜ್ಜಿಯ ದನಿ ಮನಸೂರರಿಗಿಂತ ಸ್ಪಷ್ಟವಾಗಿ ಕೇಳುತ್ತದೆ: “ಯಾರು ಹೋದರೋ ತಮ್ಮಾ?”

ಪಾಪ, ಅವರ ತಪ್ಪಲ್ಲ. 1984ರಲ್ಲಿ ಇಂದಿರಾ ಗಾಂಧಿ ಹೋದಾಗ ದಿನಗಟ್ಟಲೆ ರೇಡಿಯೊದಲ್ಲಿ ಶೋಕದ ವಾದ್ಯವೇ. ಅಂದಿನಿಂದ ಮಾತಿಲ್ಲದ ತಂತಿಯ ನಾದ ಕೇಳಿದರೆ ಅವರ ಪಾಲಿಗೆ ದೇಶದಲ್ಲಿ ದೊಡ್ಡವರು ಯಾರೋ ತೀರಿಕೊಂಡಂತೆಯೇ. ನೀನು ಹಲ್ಲು ಕಚ್ಚಿ “ಯಾರೂ ಇಲ್ಲ ಅಜ್ಜಿ, ಮಲಗು” ಎನ್ನುತ್ತೀಯ. ಅದರ ಬೆನ್ನಿಗೇ ಮನಸೂರರು ಷಡ್ಜ ಹಚ್ಚುತ್ತಾರೆ, ಅಜ್ಜಿಯನ್ನು ಸಮಾಧಾನ ಮಾಡುವವರಂತೆ. ಇಷ್ಟು ವರ್ಷ ನನಗೆ ನಟ ಬಿಹಾಗ ಶುರುವಾಗುವುದೇ ಹಾಗೆ. ನಿನ್ನ ಹೊಸ ಪ್ರತಿಯಲ್ಲಿ ತಂಬೂರಿ ಬಂತು, ಷಡ್ಜ ಬಂತು, ನಡುವೆ ಯಾರೂ ಏನೂ ಕೇಳಲಿಲ್ಲ. ನನಗೆ ಬಾಗಿಲು ತಟ್ಟದೆ ಒಳಗೆ ಬಂದವರನ್ನು ಕಂಡಂತಾಯಿತು.

ಹಾಡಿನ ಪಕ್ಕದಲ್ಲಿ ಹಾಡಲ್ಲದ್ದೊಂದು ಉಳಿದುಬಿಡುವುದು ನಮ್ಮ ದೇಶದ ಧ್ವನಿಮುದ್ರಣದಷ್ಟೇ ಹಳೆಯದು. 1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪನಿಗಾಗಿ ಹಾಡಿದ ಗೌಹರ್ ಜಾನ್, ತಟ್ಟೆಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರು ತಾವೇ ಕೂಗಿ ಹೇಳುತ್ತಾರೆ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ, ಯಾರು ಹಾಡಿದ್ದೆಂದು ಅಲ್ಲಿನವರಿಗೆ ತಿಳಿಯಬೇಕಲ್ಲ! ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಮೂರು ನಿಮಿಷದ ಆ ತಟ್ಟೆಗಳನ್ನು ಹುಡುಕುವವರು ಹಾಡಿಗೆ ಎಷ್ಟು ಕಾಯುತ್ತಾರೋ ಆ ಕೂಗಿಗೂ ಅಷ್ಟೇ ಕಾಯುತ್ತಾರೆ ಎಂದು ನನ್ನ ಗುಮಾನಿ. ನಾನಂತೂ ಕಾಯುತ್ತೇನೆ.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಧಾರವಾಡದ ಮಳೆ ನಿನಗೆ ಹೊಸದಲ್ಲ, ಅರ್ಧದಷ್ಟು ಕ್ಯಾಸೆಟ್ಟುಗಳಿಗೆ ಬಿಳಿಯ ಬೂಸಲು ಹಿಡಿದಿತ್ತು. ನಮ್ಮದರ ಟೇಪಿಗೆ ಏನೂ ಆಗಿರಲಿಲ್ಲ. ಆದರೆ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಒಂದು ಪುಟ್ಟ ಉಣ್ಣೆಯ ತುಂಡು ಇರುತ್ತದಲ್ಲ, ಅದರ ಗೋಂದು ಒಣಗಿ ಉದುರಿಹೋಗಿತ್ತು. ಅದಿಲ್ಲದಿದ್ದರೆ ಹಾಡು ನೀರಿನೊಳಗಿಂದ ಬಂದಂತೆ ಕೇಳುತ್ತದೆ. ನನ್ನ ಗೃಹಪ್ರವೇಶಕ್ಕೆ ಸಂಬಂಧಿಕರೊಬ್ಬರು ಕೊಟ್ಟ, ಒಮ್ಮೆಯೂ ಹಾಕದ ಭಕ್ತಿಗೀತೆಗಳ ಕ್ಯಾಸೆಟ್ ಒಂದಿತ್ತು. ಅದರ ಐದು ಸ್ಕ್ರೂ ಬಿಚ್ಚಿ, ದೇವರಲ್ಲಿ ಕ್ಷಮೆ ಕೇಳಿ, ಮನಸೂರರ ಎರಡೂ ಸುರುಳಿಗಳನ್ನು ಅದರ ಗೂಡಿಗೆ ದಾಟಿಸಿದೆ. ಕೈ ನಡುಗುತ್ತಿತ್ತು. ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿದೆ. ಮೊಮ್ಮಗಳು ಕಂಪ್ಯೂಟರಿಗೆ ತಂತಿ ಜೋಡಿಸಿಕೊಟ್ಟು, “ಎಷ್ಟು ಹೊತ್ತಾಗುತ್ತದೆ ಅಜ್ಜಾ?” ಎಂದಳು. ಒಂದೂವರೆ ಗಂಟೆಯ ಹಾಡಿಗೆ ಒಂದೂವರೆ ಗಂಟೆ ಎಂದೆ. ಅವಳು ನಂಬಲಿಲ್ಲ.

ಈಗ ಅಸಲು ಮಾತು. ಆ ಕಾರ್ಯಕ್ರಮ ಒಂದೂವರೆ ಗಂಟೆ, ನಿನ್ನ ಕ್ಯಾಸೆಟ್ ಬದಿಗೆ ನಲವತ್ತೈದು ನಿಮಿಷದ್ದು. ಲೆಕ್ಕ ಸರಿಯೇ. ಬದಿ ತಿರುಗಿಸುವ ಹೊತ್ತನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನಟ ಬಿಹಾಗದ ನಡುವೆ, ವೇಗದ ಸ್ವರಮಾಲೆಗಳಾದ ತಾನಗಳು ಒಂದರ ಮೇಲೊಂದು ಏರಿ ಬರುತ್ತಿರುವಾಗ, ‘ಕಟಕ್’ ಎಂದು ಮೊದಲ ಬದಿ ಮುಗಿಯುತ್ತದೆ. ಎರಡನೆಯ ಬದಿ ತೆರೆದುಕೊಳ್ಳುವಾಗ ಅವರು ಬೇರೆಲ್ಲೋ ಇದ್ದಾರೆ. ಆ ಸಂದಿಯಲ್ಲಿ ಏನಾಯಿತು? ಮಂಜಿಖಾನರಿಂದ, ಅವರು ತೀರಿದ ಮೇಲೆ ಬುರ್ಜಿಖಾನರಿಂದ ಕಲಿತ ಮನುಷ್ಯ, ಉಸಿರು ಎಲ್ಲಿ ತೆಗೆದುಕೊಂಡರೆಂದೇ ಗೊತ್ತಾಗದಂತೆ ಹಾಡುವವರು. ಅವರು ಜೀವಮಾನದಲ್ಲೇ ಹಾಡದಂಥ ತಾನವೊಂದನ್ನು ಅಲ್ಲಿ ಹಾಡಿರಬೇಕೆಂದು ನಾನು ನಂಬಿದ್ದೆ. ಸ್ನಾನ ಮಾಡುವಾಗ ಆ ತಾನವನ್ನು ನಾನೇ ಎಷ್ಟೋ ಸಲ ಕಟ್ಟಿದ್ದೇನೆ. ಆ ತಾನವನ್ನು ನುಂಗಿದವನು ನೀನೆಂದು ಒಳಗೊಳಗೇ ನಿನ್ನ ಮೇಲೆ ಸಿಟ್ಟೂ ಇತ್ತು, ಇವತ್ತು ಒಪ್ಪಿಕೊಳ್ಳುತ್ತೇನೆ.

ಎರಡೂ ಪ್ರತಿಗಳನ್ನು ಕಂಪ್ಯೂಟರಿನಲ್ಲಿ ಅಕ್ಕಪಕ್ಕ ಇಟ್ಟು ನೋಡಿದೆವು. ನೀನು ಕಳೆದದ್ದು ಹತ್ತೊಂಬತ್ತು ಸೆಕೆಂಡು. ಆ ಹತ್ತೊಂಬತ್ತು ಸೆಕೆಂಡಿನಲ್ಲಿ ಇರುವುದು ತಬಲೆಯ ಠೇಕಾ, ಸಣ್ಣಗೆ ಹಾರ್ಮೋನಿಯಂ, ಒಂದು ಸಲ ಗಂಟಲು ಸರಿಮಾಡಿಕೊಂಡ ಸದ್ದು. ಅಷ್ಟೇ. ಇಡೀ ನಟ ಬಿಹಾಗದಲ್ಲಿ ಮನಸೂರರು ಸುಮ್ಮನಾದದ್ದು ಅದೊಂದೇ ಕಡೆ, ಅದೂ ಸರಿಯಾಗಿ ನೀನು ಕ್ಯಾಸೆಟ್ ತಿರುಗಿಸುವಾಗ! ನಕ್ಕುಬಿಟ್ಟೆ. ಆಮೇಲೆ ಸ್ವಲ್ಪ ಹೊತ್ತು ಬೇಸರವೂ ಆಯಿತು. ನನ್ನ ಸ್ನಾನದ ಮನೆಯ ತಾನ ಅನಾಥವಾಯಿತಲ್ಲ.

ನಮ್ಮ ಪ್ರತಿಯನ್ನು ಈ ಪತ್ರದ ಜೊತೆಗೇ ಕಳಿಸುತ್ತಿದ್ದೇನೆ. ಸರ್ರನೆಯ ಸದ್ದನ್ನು ತೆಗೆದು ಸ್ವಚ್ಛ ಮಾಡಿಕೊಡಲೇ ಎಂದು ಮೊಮ್ಮಗಳು ಕೇಳಿದಳು, ಬೇಡವೆಂದೆ. ಸದ್ದಿನ ಜೊತೆ ಅಜ್ಜಿಯೂ ಹೋಗಿಬಿಟ್ಟರೆ? ಅಂದಹಾಗೆ, ಎರವಲು ಕೊಟ್ಟ ಕ್ಯಾಸೆಟ್ಟುಗಳ ಲೆಕ್ಕ ಬರೆದಿಟ್ಟ ನನ್ನ ನೀಲಿ ವಹಿಯೂ ಪೆಟ್ಟಿಗೆಯಲ್ಲಿ ಸಿಕ್ಕಿತು. ನಿನ್ನ ಹೆಸರಿನಲ್ಲಿ ಇನ್ನೂ ಎರಡು ಬಾಕಿ ಇವೆ. ಪೆನ್‌ಡ್ರೈವ್ ಕೊಟ್ಟ ಮಾತ್ರಕ್ಕೆ ಅವು ವಜಾ ಆಗುವುದಿಲ್ಲ.

ಒಂದು ಸಂದೇಹ ಉಳಿದಿದೆ, ನಿನ್ನಿಂದಲೇ ಪರಿಹಾರವಾಗಬೇಕು. ಮೊದಲ ಬದಿ ‘ಕಟಕ್’ ಎನ್ನುವ ಮುಂಚೆ ನೀನು ತಗ್ಗಿದ ದನಿಯಲ್ಲಿ ಏನೋ ಒಂದು ಮಾತು ಬೈಯುತ್ತೀಯ. ಮೊಮ್ಮಗಳು ಮೂರು ಸಲ ಹಿಂದಕ್ಕೆ ತಿರುಗಿಸಿ ಕೇಳಿ, ಆ ಮಾತಿನ ಅರ್ಥವೇನೆಂದು ನನ್ನನ್ನು ಕೇಳುತ್ತಿದ್ದಾಳೆ. ನಾನೇನು ಹೇಳಲಿ? ಬೈದದ್ದು ಕ್ಯಾಸೆಟ್ಟಿಗೋ, ಅಜ್ಜಿಗೋ?

ನಿನ್ನವ,
ನೀಲಿ ವಹಿಯವನು