ಅಕ್ಕನ ಖಾಲಿ ಅಂಗಳಕ್ಕೆ ಒಂದಿಷ್ಟು ಪರಿಮಳ

ಪ್ರೀತಿಯ ಅಕ್ಕ,

ನಾವೆಲ್ಲ ಕ್ಷೇಮ. ನೀನು, ಭಾವ, ಮಕ್ಕಳು ಆರಾಮ ಅಂದುಕೊಂಡಿದ್ದೇನೆ. ಹೊಸ ಮನೆಯ ಸುತ್ತಲಿನ ಖಾಲಿ ಜಾಗದ ಫೋಟೊ ನೋಡಿದೆ. ಘಮಘಮ ಅನ್ನುವ ಗಿಡ ಬೇಕು, ಆದರೆ ಎಲ್ಲರ ಮನೆಯಲ್ಲೂ ಇರುವಂಥದ್ದು ಬೇಡ ಅಂತ ಬರೆದಿದ್ದೀಯಲ್ಲ, ಅದು ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಈ ಉದ್ದದ ಕಾಗದ.

ಗಿಡದ ಹೆಸರು ಆಮೇಲೆ. ಮೊದಲು ಒಂದು ಸಂಜೆ ಕುರ್ಚಿ ಹಾಕಿಕೊಂಡು ಅಂಗಳದಲ್ಲಿ ಸುಮ್ನೆ ಕೂತು ನೋಡು. ಗಾಳಿ ಯಾವ ಕಡೆಯಿಂದ ಬರುತ್ತದೆ? ಮಲಗುವ ಕೋಣೆಯ ಕಿಟಕಿ ಎಲ್ಲಿದೆ? ರಾತ್ರಿ ಊಟ ಆದಮೇಲೆ ನೀವೆಲ್ಲ ಎಲ್ಲಿ ಕೂರುತ್ತೀರಿ? ಬಣ್ಣದ ಹೂವಾದರೆ ಕಣ್ಣಿಗೆ ಕಾಣುವ ಕಡೆ ನೆಟ್ಟರೆ ಸಾಕು. ಪರಿಮಳದ ಗಿಡಕ್ಕೆ ಆ ಲೆಕ್ಕ ನಡೆಯುವುದಿಲ್ಲ. ಅದು ಯಾವ ಹೊತ್ತಿಗೆ ಘಮ್ಮೆನ್ನುತ್ತದೆ, ಎಷ್ಟು ದೂರ ಹೋಗುತ್ತದೆ ಅನ್ನುವುದರ ಮೇಲೆ ಜಾಗ ನಿರ್ಧಾರ ಆಗಬೇಕು.

ರಾತ್ರಿರಾಣಿಯನ್ನೇ ತೆಗೆದುಕೋ. ಹಗಲು ಅದರ ಕಡೆ ಯಾರೂ ತಿರುಗಿ ನೋಡುವುದಿಲ್ಲ. ಕತ್ತಲಾದರೆ ಬೀದಿಗೆಲ್ಲ ಕೇಳುವಷ್ಟು ಜೋರು. ಹೀಗೆ ರಾತ್ರಿ ಅರಳುವ ತಿಳಿ ಬಣ್ಣದ ಹೂಗಳು ಘಮಘಮಿಸುವುದು ಹೆಚ್ಚಾಗಿ ಪತಂಗಗಳನ್ನು ಕರೆಯೋಕೆ, ನಮಗೆ ಸಿಗುವುದು ಪುಕ್ಕಟೆ. ಕಿಟಕಿಯ ಕೆಳಗೇ ನೆಟ್ಟರೆ ಕೆಲವರಿಗೆ ತಲೆನೋವು ಬರುತ್ತದೆ. ಕಾಂಪೌಂಡಿನ ಆ ತುದಿಗೆ ಹಾಕು. ಅದರ ಕಾಯಿ ವಿಷ, ಮಕ್ಕಳಿಗೆ ಹೇಳಿಡು. ತುತ್ತೂರಿಯ ಹಾಗೆ ಜೋತುಬೀಳುವ ದೊಡ್ಡ ಹೂವಿನ ಬ್ರುಗ್ಮಾನ್ಸಿಯಾ ನರ್ಸರಿಯಲ್ಲಿ ಕಂಡರೆ ಮನಸ್ಸು ಸೋಲುತ್ತದೆ, ಸಂಜೆಯ ವಾಸನೆಯೂ ಚೆನ್ನ. ಆದರೆ ಬೇರಿನಿಂದ ಹೂವಿನವರೆಗೂ ವಿಷವೇ. ಮಕ್ಕಳಿರುವ ಮನೆಗೆ ಬೇಡವೇ ಬೇಡ.

ನನ್ನನ್ನು ಕೇಳಿದರೆ ಮೊದಲು ಮನೋರಂಜಿನಿ. ಸೀತಾಫಲದ ಕುಟುಂಬದ ಗಿಡ. ಮೊಗ್ಗು ಅರಳಿದಾಗ ಎಲೆಯಷ್ಟೇ ಹಸಿರು, ಎದುರಿಗೆ ನಿಂತರೂ ಕಣ್ಣಿಗೆ ಬೀಳುವುದಿಲ್ಲ. ಮೂಗಿಗೂ ಅಷ್ಟಕ್ಕಷ್ಟೇ. ಹೂ ಮೆಲ್ಲಗೆ ಹಳದಿಗೆ ತಿರುಗಿದಾಗ ಮಾಗಿದ ಹಣ್ಣಿನ ವಾಸನೆ ಶುರುವಾಗುತ್ತದೆ. ಎಲ್ಲಿಂದ ಬರುತ್ತಿದೆ ಅಂತ ಕೊಂಬೆ ಸರಿಸಿ ಹುಡುಕಬೇಕು, ಅದೇ ಮಜಾ. ಹೂ ಸಿಕ್ಕಿದಾಗ ಅದರ ತೊಟ್ಟನ್ನೂ ಗಮನಿಸು. ಕೊಕ್ಕೆಯ ಹಾಗೆ ಬಾಗಿ, ಕಟ್ಟಿಗೆಯಷ್ಟು ಗಟ್ಟಿಯಾಗಿರುತ್ತದೆ. ಆ ಕೊಕ್ಕೆಯನ್ನು ಪಕ್ಕದ ಕೊಂಬೆಗೆ ಸಿಕ್ಕಿಸಿಕೊಂಡೇ ಗಿಡ ಮೇಲೆ ಹತ್ತುವುದು. ಬಿಟ್ಟರೆ ದೊಡ್ಡ ಬಳ್ಳಿ, ಆಗಾಗ ಕತ್ತರಿಸುತ್ತಿದ್ದರೆ ಪೊದೆ. ಗೇಟಿನಿಂದ ಬಾಗಿಲಿಗೆ ಬರುವ ದಾರಿಯಲ್ಲಿ ಇರಲಿ.

ನಲ್ಲಿ ಸೋರಿ ಯಾವಾಗಲೂ ಒದ್ದೆ ಇರುತ್ತದೆ ಅಂದೆಯಲ್ಲ, ಆ ಮೂಲೆಗೆ ಸುರುಳಿ ಸುಗಂಧಿ. ಶುಂಠಿಯ ಜಾತಿ, ಗೆಡ್ಡೆ ಹೂತರೆ ಸಾಕು, ತಾನೇ ಹರಡುತ್ತದೆ. ಸಂಪಿಗೆ ಬೇಕು ಅಂತ ಭಾವನಿಗೆ ಆಸೆ ಇದ್ದರೆ ಕಸಿ ಗಿಡವೇ ತರಲಿ. ಬೀಜದಿಂದ ಬಂದದ್ದು ಹೂ ಬಿಡೋಕೆ ವರ್ಷಗಟ್ಟಲೆ ಕಾಯಿಸುತ್ತದೆ, ಮರವೂ ಮನೆಗಿಂತ ಎತ್ತರಕ್ಕೆ ಹೋಗುತ್ತದೆ. ಯಲಾಂಗ್ ಯಲಾಂಗ್ ಕೂಡ ಹಾಗೇ, ಆಗ್ನೇಯ ಏಷ್ಯಾದ ದೊಡ್ಡ ಮರ. ಅದರಲ್ಲಿ ಆಳೆತ್ತರಕ್ಕೆ ನಿಲ್ಲುವ ಗಿಡ್ಡ ತಳಿ ಒಂದಿದೆ, ಅದನ್ನೇ ಕೇಳು. ಮಲ್ಲಿಗೆ ಬಗ್ಗೆ ನಿನಗೆ ನಾನು ಹೇಳಬೇಕಾ!

'ವಿದೇಶಿ ಗಿಡ ಯಾಕೆ' ಅಂತ ಅಪ್ಪ ಗೊಣಗಿದರೆ ಒಂದು ಮಾತು ಹೇಳು. ಸುಗಂಧರಾಜ, ದೇವಕಣಗಿಲೆ, ನಾವು ರಾತ್ರಿಯೆಲ್ಲ ಎದ್ದು ಕೂತು ನೋಡುತ್ತಿದ್ದ ಬ್ರಹ್ಮಕಮಲ, ಮೂರರ ತವರೂ ಮೆಕ್ಸಿಕೋ ಮತ್ತು ಅದರ ಆಸುಪಾಸು.

ಈ ಚಳಿಯ ದೇಶದಲ್ಲಿ ನನ್ನದೆಲ್ಲ ಕುಂಡದ ಸಂಸಾರ. ರಾತ್ರಿ ಚಳಿ 10 ಡಿಗ್ರಿಗೆ ಇಳಿಯುವ ಮೊದಲೇ ಎಲ್ಲ ಒಳಗೆ. ದೇವಕಣಗಿಲೆ ಎಲೆ ಉದುರಿಸಿಕೊಂಡು ಬರೀ ಕೋಲಾಗಿ ನಿದ್ದೆ ಹೋಗುತ್ತದೆ. ಆಗ ಅಯ್ಯೋ ಪಾಪ ಅಂತ ನೀರು ಹಾಕಿದರೆ ಕಾಂಡ ಕೊಳೆಯುತ್ತದೆ. ಚಳಿಗಿಂತ ಈ ನೀರಿನಿಂದ ಸಾಯುವುದೇ ಜಾಸ್ತಿ. ನೀನು ಅದರ ಕೊಂಬೆ ನೆಡುವುದಾದರೆ, ಕತ್ತರಿಸಿದ ತಕ್ಷಣ ಮಣ್ಣಿಗೆ ಹಾಕಬೇಡ. ಹಾಲು ಸೋರುವುದು ನಿಂತು ಗಾಯ ಒಣಗುವವರೆಗೆ ಒಂದು ವಾರ ನೆರಳಲ್ಲಿ ಇಡು. ಹೀಟರ್ ಹಾಕಿದ ಮನೆಯ ಒಣ ಗಾಳಿಗೆ ಮಲ್ಲಿಗೆಗೆ ನುಸಿ ಹತ್ತುತ್ತದೆ. ವಾರಕ್ಕೊಮ್ಮೆ ಬಚ್ಚಲಿಗೆ ಒಯ್ದು ಎಲೆಯ ಅಡಿಭಾಗಕ್ಕೆ ಜೋರಾಗಿ ನೀರು ಬಿಡುತ್ತೇನೆ. ಘಮ್ಮೆನ್ನುವ ಬಿಳಿ ಹೂವಿನ ಗಾರ್ಡೇನಿಯಾಗೆ ಇಲ್ಲಿನ ಗಡಸು ನೀರು ಆಗುವುದಿಲ್ಲ, ಎಲೆ ಹಳದಿಯಾಗುತ್ತದೆ. ಅವಳೊಬ್ಬಳಿಗೇ ಮಳೆನೀರು ಹಿಡಿದಿಡುತ್ತೇನೆ. ಮಹಾರಾಣಿ!

ಇನ್ನೊಂದು ಮಜಾ ಹೇಳಲಾ? ಸುವರ್ಣಗೆಡ್ಡೆಯ ಹತ್ತಿರದ ನೆಂಟ ಒಂದಿದೆ, ಕೊಂಜಾಕ್ ಅಂತ. ಚಳಿಗಾಲದ ಕೊನೆಗೆ ಮಣ್ಣಿಲ್ಲ ನೀರಿಲ್ಲ, ಕಪಾಟಿನ ಮೇಲೆ ಇಟ್ಟಿದ್ದ ಬರೀ ಗೆಡ್ಡೆಯಿಂದಲೇ ಹೂ ಎದ್ದುಬಂತು. ಕಡು ನೇರಳೆ, ನನ್ನ ಸೊಂಟದ ಎತ್ತರ. ವಾಸನೆ ಸತ್ತ ಇಲಿಯದ್ದು! ನೊಣಗಳನ್ನು ಕರೆಯುವ ಉಪಾಯ ಅದು. ನಮ್ಮ ಮನೆಯವರಂತೂ ಮೂಗು ಮುಚ್ಚಿಕೊಂಡು ಬಾಲ್ಕನಿಗೆ ಸಾಗಿಸಿದರು. ಮಕ್ಕಳಿಗೆ ತೋರಿಸಬೇಕು ಅಂದರೆ ಅಲ್ಲಿ ಸುವರ್ಣಗೆಡ್ಡೆಯೇ ಸಾಕು, ಮೊದಲ ಮಳೆ ಹೊತ್ತಿಗೆ ಎಲೆಗಿಂತ ಮುಂಚೆ ಹೂ ಬರುತ್ತದೆ. ಅದನ್ನು ಮಾತ್ರ ಹಿತ್ತಲಿನ ಕೊನೆಗೆ ಹಾಕು, ಆಯ್ತಾ?

ಬೀಜ, ಕೊಂಬೆ ಅಂತ ಪಾರ್ಸೆಲ್‌ನಲ್ಲಿ ಏನೂ ಕಳಿಸಬೇಡ. ಸಸ್ಯ ಆರೋಗ್ಯದ ಸರ್ಟಿಫಿಕೇಟ್ ಇಲ್ಲದೆ ಇಲ್ಲಿ ಒಳಗೆ ಬಿಡುವುದಿಲ್ಲ. ಅದರ ಬದಲು ಅಂಗಳದ ನಕ್ಷೆ ಬರೆದು, ಮಧ್ಯಾಹ್ನದ ಬಿಸಿಲು ಎಲ್ಲೆಲ್ಲಿ ಬೀಳುತ್ತದೆ ಅಂತ ಗುರುತು ಹಾಕಿ ಕಳಿಸು. ಬಿಸಿಲು ನೋಡದೆ ಮಲ್ಲಿಗೆಗೆ ಜಾಗ ಹೇಳೋಕೆ ಆಗುವುದಿಲ್ಲ.

ಅಪ್ಪ ಅಮ್ಮನಿಗೆ, ಭಾವನಿಗೆ ನಮಸ್ಕಾರ. ಮಕ್ಕಳಿಗೆ ಮುತ್ತು.

ನಿನ್ನ ತಂಗಿ