ನಾಯಿ ಅಡ್ಡ ಬಂದಿರಲಿಲ್ಲ

ಮೈಸೂರು

ಪ್ರೀತಿಯ ಪುಟ್ಟಿಗೆ ಮಾವನ ಆಶೀರ್ವಾದ.

ಮನೆಯ ಸುದ್ದಿಯೆಲ್ಲ ನಿನ್ನ ಅಮ್ಮ ದಿನಾ ಫೋನಿನಲ್ಲಿ ಹೇಳುತ್ತಾಳೆ, ಮತ್ತೆ ನಾನೇಕೆ ಬರೆಯಲಿ. ನೀನು ಬರೆದದ್ದನ್ನು ಮೊಬೈಲಿನಲ್ಲಿ ಕಳಿಸಿದ್ದರೂ ಅಷ್ಟುದ್ದ ಇದ್ದದ್ದರಿಂದ ನನಗೆ ಅದು ಕಾಗದವೇ. ನಾಲ್ಕು ಸಲ ಓದಿದೆ. ಆಶ್ರಮದ ಇಳಿಜಾರು, ನಿನ್ನ ಸೈಕಲ್ಲು, ಎಡಗಡೆ ತಿರುವು, ಎದುರಿಗೆ ನೀರಿನ ಟ್ಯಾಂಕರ್, ಒಂದು ಗೇಣಿನಲ್ಲಿ ತಪ್ಪಿದ್ದು. ಸದ್ಯ, ನಿನಗೇನೂ ಆಗಲಿಲ್ಲ. ಆದರೆ ಕೊನೆಯಲ್ಲಿ ಒಂದು ಮಾತು ಬರೆದಿದ್ದೀಯಲ್ಲ, "ಕೈ ಬ್ರೇಕಿಗೆ ಹೋಗಲೇ ಇಲ್ಲ ಮಾವ, ಯಾಕೆ ಅಂತ ಗೊತ್ತಾಗ್ತಿಲ್ಲ, ಈಗ ನನ್ನ ಕೈ ಮೇಲೇ ನಂಬಿಕೆ ಇಲ್ಲ" ಅಂತ. ಅದನ್ನು ಓದಿದ ಮೇಲೆ ನಿದ್ದೆ ಬರಲಿಲ್ಲ.

ಇನ್ನೊಂದು. ಆಟೋ ಅಡ್ಡ ಬಂತಂತೆ ಅಂತ ನಿನ್ನ ಅಮ್ಮ ಹೇಳಿದಳು. ನಿನ್ನ ಕಾಗದದಲ್ಲಿ ಟ್ಯಾಂಕರ್ ಇದೆ, ಮಳೆ ನಿಂತಿದ್ದು ಇದೆ, ರಸ್ತೆ ತುಂಬ ಬಿದ್ದಿದ್ದ ಆಕಾಶಮಲ್ಲಿಗೆಯೂ ಇದೆ. ಆಟೋ ಎಲ್ಲೂ ಇಲ್ಲ. ಬೈಯುತ್ತಿಲ್ಲ ಕಣೇ. ಬೈಯುವ ಯೋಗ್ಯತೆ ನನಗಿಲ್ಲ. ಯಾಕೆ ಅಂತ ಹೇಳುತ್ತೇನೆ.

ನಿನ್ನ ಅಮ್ಮನ ಮೊಣಕೈ ಮುರಿದ ಕಥೆ ನಿಮಗೆಲ್ಲ ಬಾಯಿಪಾಠ. 1976, ನನ್ನ ಸೈಕಲ್ಲು, ಕ್ಯಾರಿಯರ್ ಮೇಲೆ ಅವಳು, ಅಡ್ಡ ಬಂದ ನಾಯಿ. ಹಬ್ಬ ಹುಣ್ಣಿಮೆಗೆ ಎಲ್ಲರೂ ಸೇರಿದಾಗ ಅದನ್ನು ಯಾರಾದರೂ ಒಬ್ಬರು ಹೇಳಲೇಬೇಕು. ಪುಟ್ಟಿ, ನಾಯಿ ಇರಲಿಲ್ಲ.

ಮಹಾರಾಣಿ ಕಾಲೇಜಿಗೆ ಅವಳಿಗೆ ಹೊತ್ತಾಗಿತ್ತು. ಆಗ ಡಬಲ್ಸ್ ಹೋದರೆ ಪೊಲೀಸರು ಹಿಡಿದು ಚಕ್ರದ ಗಾಳಿ ಬಿಡುತ್ತಿದ್ದರು. ಅದಕ್ಕೇ ಸರಸ್ವತಿಪುರಂನ ಒಳಗಿನ ಬೀದಿಗಳಲ್ಲೇ ನುಗ್ಗಿದೆ. ಒಂದು ಮೂಲೆಯಲ್ಲಿ ಮನೆ ಕಟ್ಟುತ್ತಿದ್ದರು. ಮರಳು ರಸ್ತೆಗೆ ಹರಡಿತ್ತು. ಹಿಂದಿನ ಸಂಜೆಯೇ ಅದನ್ನು ನೋಡಿದ್ದೆ. ಅವಳು ಹಿಂದಿನಿಂದ "ನಿಧಾನ ಕಣೋ" ಅಂದಳು. ಒಂದೇ ಸಲ. ನಾನು ಇನ್ನೆರಡು ತುಳಿತ ಜಾಸ್ತಿ ತುಳಿದೆ.

ರಾಡ್ ಬ್ರೇಕಿನ ಸೈಕಲ್ಲು ಅದು. ಬ್ರೇಕ್ ಚೆನ್ನಾಗಿಯೇ ಇತ್ತು. ನನ್ನ ಕೈಯೂ ಹೋಗಲಿಲ್ಲ.

ಯಾಕೆ ಅಂತ ಗೊತ್ತಾಗುತ್ತಿಲ್ಲ ಅಂತ ನೀನು ಬರೆದಿದ್ದೀಯ. ನನಗೆ ನನ್ನದು ಗೊತ್ತು. ನಿನ್ನದೂ ಅದೇ ಅಂತ ಹೇಳಲಾರೆ. ಆ ಮೂಲೆಯನ್ನು ನಾನು ದಿನಾ ತಿರುಗುತ್ತಿದ್ದೆ. ಮೊದಲ ವಾರ ಹೆದರಿಕೊಂಡು ತಿರುಗಿದೆ, ಆಮೇಲೆ ಒಂದು ಚೂರು ಜೋರಾಗಿ, ಮಾರನೇ ದಿನ ಇನ್ನೊಂದು ಚೂರು. ಏನೂ ಆಗಲಿಲ್ಲವಲ್ಲ! ಗಾಳಿ ಕಿವಿಗೆ ಬಡಿಯುತ್ತಿತ್ತು, ಸೈಕಲ್ಲು ತಾನಾಗಿ ವಾಲುತ್ತಿತ್ತು. ಬ್ರೇಕ್ ಹಿಡಿದರೆ ಆ ಖುಷಿ ಅಲ್ಲಿಗೆ ಮುಗಿಯುತ್ತದೆ. ಕೈ ಸರಿಯಾಗಿಯೇ ಇತ್ತು, ಹಿಡಿಯುವುದಕ್ಕೆ ನನಗೇ ಇಷ್ಟ ಇರಲಿಲ್ಲ. ನಿನ್ನ ಆಫೀಸಿನ ದಾರಿಯೂ ದಿನಾ ಅದೇ ಅಲ್ವಾ? ಒಂದು ಸಲ ಯೋಚಿಸಿ ನೋಡು. ನನಗೆ ಬರೆಯಲೇಬೇಕು ಅಂತೇನಿಲ್ಲ.

ಎಲುಬು ಮುರಿದ ಸದ್ದು ನನಗೂ ಕೇಳಿಸಿತ್ತು. ಅಪ್ಪ ಓಡಿ ಬಂದಾಗ ನನ್ನ ಬಾಯಿಗೆ ಮೊದಲು ಬಂದಿದ್ದು ನಾಯಿ.

ಆಮೇಲೆ ನಾನು ಮೇಷ್ಟ್ರಾದೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕೇಂದ್ರಾಭಿಮುಖ ಬಲದ, ಅಂದರೆ ತಿರುಗುವ ವಸ್ತುವನ್ನು ಒಳಕ್ಕೆ ಎಳೆಯುವ ಬಲದ, ಪಾಠ ಮಾಡಿದೆ. ನೀರು ತುಂಬಿದ ಬಕೆಟ್ಟನ್ನು ತಲೆಯ ಮೇಲೆ ಗಿರ್ರನೆ ತಿರುಗಿಸಿ ತೋರಿಸುತ್ತಿದ್ದೆ. ಹುಡುಗರು ಚಪ್ಪಾಳೆ ತಟ್ಟುತ್ತಿದ್ದರು. ತಿರುವಿನಲ್ಲಿ ವಾಲುವ ಸೈಕಲ್ಲಿನ ಉದಾಹರಣೆಯನ್ನು ಮಾತ್ರ ಒಂದು ವರ್ಷವೂ ಹೇಳಲಿಲ್ಲ. ಅರ್ಧ ಕ್ಲಾಸು ಸೈಕಲ್ಲಿನಲ್ಲೇ ಬರುತ್ತಿತ್ತು. ಹೇಳಬೇಕಾಗಿತ್ತು. ಅದನ್ನು ಈಗ ನಿನಗೆ ಹೇಳುತ್ತೇನೆ. ದಿನಾ ಗಂಟೆಗೆ 20 ಕಿ.ಮೀ. ವೇಗದಲ್ಲಿ ತಿರುಗುತ್ತಿದ್ದೆ, ಅವತ್ತು ವೇಗ ತೋರಿಸುವ ಕೈಗಡಿಯಾರ 30 ತೋರಿಸುತ್ತಿತ್ತು ಅಂತ ಬರೆದಿದ್ದೀಯ. ಅರ್ಧದಷ್ಟು ತಾನೇ ಜಾಸ್ತಿ ಅನ್ನಿಸುತ್ತದೆ. ಲೆಕ್ಕ ಹಾಗಲ್ಲ, ವೇಗವನ್ನು ವೇಗದಿಂದಲೇ ಗುಣಿಸಬೇಕು. ಅದೇ ತಿರುವನ್ನು 30ರಲ್ಲಿ ತಿರುಗಿದರೆ ಟೈರು ರಸ್ತೆಯನ್ನು ಎರಡೂಕಾಲು ಪಟ್ಟು ಬಿಗಿಯಾಗಿ ಹಿಡಿದುಕೊಳ್ಳಬೇಕು. ಒದ್ದೆ ಹೂವಿನ ಮೇಲೆ ಅಷ್ಟು ಹಿಡಿತ ಎಲ್ಲಿಂದ ಬರುತ್ತದೆ? ಅದಕ್ಕೇ ನೀನು ಅಗಲಕ್ಕೆ ಹೋಗಿ ಟ್ಯಾಂಕರಿನ ಮುಂದೆ ನಿಂತೆ.

ಇನ್ನೊಂದು ವಿಷಯ, ಇದರಿಂದ ಸ್ವಲ್ಪ ಸಮಾಧಾನ ಆಗಬಹುದು. ಅಷ್ಟು ವಾಲಿದ ಮೇಲೆ ಕೈ ಹೋಗದಿದ್ದದ್ದೇ ಒಳ್ಳೆಯದಾಯಿತು ಅನ್ನಿಸುತ್ತದೆ. ಅಲ್ಲಿ ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದಿದ್ದರೆ ಮುಂದಿನ ಚಕ್ರ ಜಾರಿ ನೀನು ಟ್ಯಾಂಕರಿನ ಕೆಳಗೇ... ಬೇಡ, ಬರೆಯುವುದಿಲ್ಲ. ಕೈ ಹೋಗಬೇಕಾಗಿದ್ದು ಅದಕ್ಕೆ ಹತ್ತು ಮಾರು ಮೊದಲು, ಸೈಕಲ್ಲು ಇನ್ನೂ ನೆಟ್ಟಗಿದ್ದಾಗ. ಎರಡೂ ಬ್ರೇಕು, ಮೆತ್ತಗೆ. ಮಳೆಯಲ್ಲಿ ಇನ್ನೂ ಮೊದಲೇ, ಒದ್ದೆ ರಿಮ್ಮಿನ ಮೇಲೆ ರಬ್ಬರು ಬೇಗ ಕಚ್ಚುವುದಿಲ್ಲ.

ಸೈಕಲ್ ಬಿಟ್ಟು ಇಷ್ಟು ವರ್ಷವಾದವನು ನಿನಗೆ ಪಾಠ ಹೇಳುವುದು ನಗೆಪಾಟಲೇ. ಬಿದ್ದ ಮೇಲೆ ನಾನು ಸೈಕಲ್ ಮುಟ್ಟಲೇ ಇಲ್ಲ, ಶಾಲೆಗೂ ನಡೆದೇ ಹೋದೆ. ಆರೋಗ್ಯಕ್ಕೆ ಒಳ್ಳೆಯದು ಅಂತ ಎಲ್ಲರಿಗೂ ಹೇಳಿಕೊಂಡು ತಿರುಗಿದೆ. 2017ರಲ್ಲಿ ಇಲ್ಲಿ ಟ್ರಿಣ್ ಟ್ರಿಣ್ ಬಾಡಿಗೆ ಸೈಕಲ್ಲು ಬಂದಾಗ ಯಾರಿಗೂ ಹೇಳದೆ ಕಾರ್ಡು ಮಾಡಿಸಿದೆ. 41 ವರ್ಷದ ಮೇಲೆ ಹತ್ತಿದ್ದು. ನೆಟ್ಟಗಿನ ರಸ್ತೆಯಲ್ಲಿ ಚೆನ್ನಾಗಿಯೇ ಹೋದೆ. ತಿರುವು ಬಂತು ಅಂದರೆ ಇಳಿದು ತಳ್ಳುತ್ತಿದ್ದೆ. ಒಬ್ಬ ಕಾಲೇಜು ಹುಡುಗ ನಿಲ್ಲಿಸಿ "ಚೈನ್ ಬಿತ್ತಾ ಅಜ್ಜ?" ಅಂತ ಕೇಳಿದ. ಹೌದಪ್ಪ ಅಂದೆ. ನೋಡು, ಅಲ್ಲೂ ಸುಳ್ಳು.

ನಂಬಿಕೆ ಇಲ್ಲ ಅಂತ ನೀನು ಬರೆದಾಗ ನನಗೆ ಕಂಡಿದ್ದು ಆ ತಳ್ಳಾಟ. ತಪ್ಪನ್ನು ನಾಯಿಯ ತಲೆಗೆ ಕಟ್ಟಿದ್ದರಿಂದ ನಾನು ತಿದ್ದಿಕೊಳ್ಳುವುದಕ್ಕೆ ಏನೂ ಉಳಿಯಲಿಲ್ಲ. ಹೆದರಿಕೆ ಒಂದೇ ಉಳಿಯಿತು. ನಿನ್ನ ಆಟೋ ಹಾಗಾಗಬಾರದು. ಅಮ್ಮನಿಗೆ ಹೇಳಲೇಬೇಕು ಅಂತ ನಾನು ಹೇಳುತ್ತಿಲ್ಲ, ಅವಳ ಬಿ.ಪಿ. ನಿನಗೆ ಗೊತ್ತು. ನೀನು ಮಾತ್ರ ಆ ಆಟೋವನ್ನು ನಂಬಬೇಡ.

ಇದನ್ನೂ ಹೇಳಿಬಿಡುತ್ತೇನೆ, ಬೇಕಾದರೆ ಇಟ್ಟುಕೋ. ಎಡಕ್ಕೆ ತಿರುಗುವಾಗ ಬಲಗಾಲು ಕೆಳಗಿರಲಿ, ಭಾರ ಅದರ ಮೇಲೆ. ಎಡ ಪೆಡಲ್ ಕೆಳಗಿದ್ದರೆ ರಸ್ತೆಗೆ ತಾಗುತ್ತದೆ. ಟ್ಯಾಂಕರ್ ಕಂಡರೆ ಅದನ್ನೇ ನೋಡಬೇಡ, ಹೋಗಬೇಕಾದ ಕಡೆ ನೋಡು, ಸೈಕಲ್ಲು ಕಣ್ಣಿನ ಹಿಂದೆ ಹೋಗುತ್ತದೆ. ಮ್ಯಾನ್‌ಹೋಲ್ ಮುಚ್ಚಳ, ಬಿಳಿ ಪಟ್ಟಿ, ಮರಳು ಇವುಗಳ ಮೇಲೆ ವಾಲಬೇಡ. ಮರಳು ಅಂತ ಬರೆಯುವಾಗ ನನ್ನ ಕೈ ಈಗಲೂ ತಡೆಯಿತು.

ನಿನ್ನ ಅಮ್ಮನ ವಿಷಯ ಒಂದಿದೆ. ಅವಳು ಕ್ಯಾರಿಯರ್ ಮೇಲೆ ಬಲಕ್ಕೆ ಮುಖ ಮಾಡಿ ಕೂತಿದ್ದಳು. ರಸ್ತೆ ಅವಳಿಗೂ ಕಾಣುತ್ತಿತ್ತು. ಆದರೂ ಇಷ್ಟು ವರ್ಷ ನಾಯಿಯ ಕಥೆಯನ್ನು ನನಗಿಂತ ಚೆನ್ನಾಗಿ ಅವಳೇ ಹೇಳುತ್ತಾಳೆ. ಹೋದ ಯುಗಾದಿಗೆ ಯಾರೋ ಕೇಳಿದ್ದಕ್ಕೆ ಕಂದು ಬಣ್ಣದ್ದು, ಒಂದು ಕಿವಿ ಹರಿದಿತ್ತು ಅಂದಳು. ನನ್ನ ಮುಖ ಮಾತ್ರ ನೋಡಲಿಲ್ಲ.

ಈ ಭಾನುವಾರ ಅವಳ ಮನೆಗೆ ಹೋಗುತ್ತಿದ್ದೇನೆ. ಮಾತೆತ್ತಬೇಕು ಅಂತಿದ್ದೇನೆ. ಯುಗಾದಿಗೂ ಹಾಗೇ ಅಂದುಕೊಂಡು ಹೋಗಿ ಹೋಳಿಗೆ ತಿಂದು ಬಂದೆ.

ಸೈಕಲ್ ಬಿಡಬೇಡ. ಬ್ರೇಕ್ ರಬ್ಬರು ಸವೆದಿದೆಯಾ ಅಂತ ನಾಳೆಯೇ ಅಂಗಡಿಯಲ್ಲಿ ತೋರಿಸು.

ನಿನ್ನ ಮಾವ